ಬೇಲಿಗೆ ಕಾವಲು ಯಾರು?

1943ರ ವಸಂತಕಾಲ. ಅಮೆರಿಕದ ವಾಯವ್ಯ ಮೂಲೆಯ ವಾಷಿಂಗ್ಟನ್ ರಾಜ್ಯದಲ್ಲಿ, ಕೊಲಂಬಿಯಾ ನದಿಯ ದಂಡೆಯ ಮೇಲೆ, ಹ್ಯಾನ್‌ಫೋರ್ಡ್ ಮತ್ತು ವೈಟ್ ಬ್ಲಫ್ಸ್ ಎಂಬ ಎರಡು ಸಣ್ಣ ಊರುಗಳಿದ್ದವು. ಸುತ್ತಲೂ ಹಣ್ಣಿನ ತೋಟಗಳು. ಒಂದು ದಿನ ಅಲ್ಲಿಯ ಜನರಿಗೆ ಸರಕಾರದ ಪತ್ರಗಳು ಬಂದವು. ಯುದ್ಧಕಾರ್ಯಕ್ಕಾಗಿ ಭೂಮಿ ಬೇಕಾಗಿದೆ, ಮನೆಮಠಗಳನ್ನು ತೆರವು ಮಾಡಬೇಕು ಎಂಬುದಷ್ಟೇ ಅವುಗಳ ಸಾರಾಂಶ. ಕೆಲವರಿಗೆ ದೊರೆತ ಅವಧಿ ಒಂದೇ ತಿಂಗಳು. ಸುಮಾರು 1,500 ಜನ ಗಂಟುಮೂಟೆ ಕಟ್ಟಿದರು. ತಲೆತಲಾಂತರದಿಂದ ಆ ನದಿಯ ಮೀನನ್ನು ನಂಬಿ ಬದುಕಿದ್ದ ವಾನಪಮ್ ಎಂಬ ಮೂಲನಿವಾಸಿಗಳೂ ನೆಲೆ ತಪ್ಪಿದರು. ಏಕೆ ಎಂಬುದನ್ನು ಯಾರೂ ಹೇಳಲಿಲ್ಲ. ಕಾರಣ ಬಯಲಾದದ್ದು 1945ರ ಆಗಸ್ಟ್ ತಿಂಗಳಲ್ಲಿ. ನಾಗಸಾಕಿಯ ಮೇಲೆ ಬಿದ್ದ ಬಾಂಬಿನ ಪ್ಲುಟೋನಿಯಂ ಸಿದ್ಧವಾದದ್ದು ಈ ನೆಲದಲ್ಲಿಯೇ.

ಯುದ್ಧ ಮುಗಿಯಿತು, ಕೆಲಸ ಮುಗಿಯಲಿಲ್ಲ. ಒಂದರ ಹಿಂದೊಂದರಂತೆ ಒಂಬತ್ತು ಅಣುಸ್ಥಾವರಗಳು ನದಿಯ ಅಂಚಿನಲ್ಲಿ ಎದ್ದವು. 1987ರ ಹೊತ್ತಿಗೆ ಒಂಬತ್ತೂ ಆರಿದವು. ಉಳಿದದ್ದು ಕಸ. ಸ್ಥಾವರದಲ್ಲಿ ಉರಿದ ಯುರೇನಿಯಂ ಸರಳುಗಳನ್ನು ಆಮ್ಲದಲ್ಲಿ ಕರಗಿಸಿ ಪ್ಲುಟೋನಿಯಂ ತೆಗೆದ ಮೇಲೆ ಮಿಕ್ಕುವ ವಿಷದ್ರವವನ್ನು ಭೂಮಿಯೊಳಗೆ ಹೂಳಿದ 177 ಉಕ್ಕಿನ ತೊಟ್ಟಿಗಳಿಗೆ ಸುರಿದಿದ್ದರು. ಇಂದಿಗೂ ಅವುಗಳಲ್ಲಿ ಸುಮಾರು 5 ಕೋಟಿ 60 ಲಕ್ಷ ಗ್ಯಾಲನ್ ಕಸವಿದೆ. ಅವುಗಳಲ್ಲಿ 149 ತೊಟ್ಟಿಗಳಿಗೆ ಇರುವುದು ಒಂದೇ ಪದರದ ಉಕ್ಕಿನ ಗೋಡೆ. ಇಪ್ಪತ್ತು ಇಪ್ಪತ್ತೈದು ವರ್ಷ ಬಾಳಿದರೆ ಸಾಕೆಂದು ಕಟ್ಟಿದ ಅವು ಈಗ ಅಜ್ಜನ ವಯಸ್ಸಿನವಾಗಿವೆ. ಅರುವತ್ತೇಳು ಸೋರಿರಬಹುದೆಂದೂ, ಹಾಗೆ ಸೋರಿದ್ದು ಸುಮಾರು ಹತ್ತು ಲಕ್ಷ ಗ್ಯಾಲನ್ ಎಂದೂ ಅಂದಾಜು. ಇಷ್ಟು ಅಪಾಯಕಾರಿಯಲ್ಲದ ಮಲಿನ ನೀರನ್ನಂತೂ ನೇರವಾಗಿ ಮರಳುನೆಲಕ್ಕೆ ಹರಿಯಬಿಟ್ಟಿದ್ದರು. ಆ ಲೆಕ್ಕ ಸುಮಾರು 45,000 ಕೋಟಿ ಗ್ಯಾಲನ್.

ಇದೆಲ್ಲ ನಡೆದದ್ದು ಯಾವ ಕಾರಖಾನೆಯ ಸಾಹುಕಾರನ ಲೋಭದಿಂದಲೂ ಅಲ್ಲ. ಮಾಡಿದ್ದು ಸರಕಾರ, ನೋಡಿಕೊಳ್ಳಬೇಕಾಗಿದ್ದದ್ದೂ ಸರಕಾರ. 1949ರ ಡಿಸೆಂಬರಿನಲ್ಲಿ ಪ್ರಯೋಗಕ್ಕೆಂದು ವಿಕಿರಣಯುಕ್ತ ಅಯೋಡಿನ್ನನ್ನು ಬೇಕೆಂದೇ ಗಾಳಿಗೆ ಬಿಟ್ಟ ಸಂಗತಿ ಸುತ್ತಣ ಊರುಗಳ ಜನರಿಗೆ ತಿಳಿದದ್ದು 1986ರಲ್ಲಿ, ಸುಮಾರು 19,000 ಪುಟಗಳ ಹಳೆಯ ಕಾಗದಪತ್ರಗಳು ಹೊರಬಿದ್ದಾಗ. ಬೇಲಿಯೇ ಎದ್ದು ಹೊಲ ಮೇಯ್ದರೆ ದೂರು ಹೇಳುವುದು ಯಾರಿಗೆ?

ಕಾನೂನಿನಲ್ಲಿಯೂ ಇದಕ್ಕೆ ಸುಲಭವಾದ ಉತ್ತರವಿರಲಿಲ್ಲ. 1954ರ ಅಣುಶಕ್ತಿ ಕಾಯಿದೆಯ ಪ್ರಕಾರ ಇಂಥ ಕ್ಷೇತ್ರಗಳ ವಿಕಿರಣ ವಸ್ತುಗಳು ಕೇಂದ್ರದ ಅಣುಶಕ್ತಿ ಆಯೋಗದ ಸ್ವತ್ತು. ಮುಂದೆ ಆ ಹಕ್ಕು ಇಂಧನ ಇಲಾಖೆಗೆ ಬಂದಿತು. 1976ರಲ್ಲಿ ಅಪಾಯಕಾರಿ ರಾಸಾಯನಿಕ ಕಸಕ್ಕೆ ಬೇರೊಂದು ಕಾಯಿದೆ ಬಂದಿತು. ಅದನ್ನು ನಡೆಸುವ ಅಧಿಕಾರವನ್ನು ರಾಜ್ಯಗಳೂ ಪಡೆಯಬಹುದಾಗಿತ್ತು. ಅಣ್ವಸ್ತ್ರದ ಕೆಲಸಕ್ಕೆ ಅದು ಅನ್ವಯಿಸದೆಂದು ಇಂಧನ ಇಲಾಖೆ ವಾದಿಸಿತು. 1984ರಲ್ಲಿ ಟೆನೆಸ್ಸೀ ರಾಜ್ಯದ ಅಂಥದೇ ಒಂದು ಸ್ಥಾವರದ ಮೊಕದ್ದಮೆಯಲ್ಲಿ ನ್ಯಾಯಾಲಯ ಆ ವಾದವನ್ನು ತಳ್ಳಿಹಾಕಿತು. ಆದರೆ ಹ್ಯಾನ್‌ಫೋರ್ಡಿನ ತೊಟ್ಟಿಯಲ್ಲಿ ಎರಡೂ ಬೆರೆತು ಕುಳಿತಿವೆಯಲ್ಲ! ಒಂದೇ ಸೌಟಿನ ರಸದಲ್ಲಿ ರಾಸಾಯನಿಕದ ಪಾಲು ರಾಜ್ಯದ ಮಾತಿಗೆ ಒಳಪಟ್ಟದ್ದು, ವಿಕಿರಣದ ಪಾಲು ಇಂಧನ ಇಲಾಖೆಯದು. ಹಾಲು ನೀರನ್ನು ಬೇರ್ಪಡಿಸುವ ಹಂಸ ಯಾವ ಕಚೇರಿಯಲ್ಲಿದೆ?

ಹಂಸ ಸಿಗದಿದ್ದುದರಿಂದ ಒಪ್ಪಂದವೊಂದಾಯಿತು. 1989ರ ಮೇ 15ರಂದು ಮೂವರು ರುಜು ಹಾಕಿದರು: ಕಸದ ಒಡೆತನವುಳ್ಳ ಕೇಂದ್ರ ಇಂಧನ ಇಲಾಖೆ, ಕೇಂದ್ರದ ಪರಿಸರ ಸಂರಕ್ಷಣ ಸಂಸ್ಥೆ, ವಾಷಿಂಗ್ಟನ್ ರಾಜ್ಯದ ಪರಿಸರ ಇಲಾಖೆ. ತ್ರಿಪಕ್ಷ ಒಪ್ಪಂದವೆಂದೇ ಅದಕ್ಕೆ ಹೆಸರು. ಇಂಧನ ಇಲಾಖೆ ಶುದ್ಧಿ ಮಾಡತಕ್ಕದ್ದು, ಉಳಿದಿಬ್ಬರು ನೋಡಿಕೊಳ್ಳತಕ್ಕದ್ದು. ಒಂದು ಮನೆಗೆ ಇಬ್ಬರು ಯಜಮಾನರಾದರೆ ಒಲೆ ಹತ್ತುವುದಿಲ್ಲವೆಂಬುದನ್ನು ಬರೆದವರು ಬಲ್ಲವರಾಗಿದ್ದರು. ಕ್ಷೇತ್ರವನ್ನು ತುಂಡುತುಂಡಾಗಿ ವಿಂಗಡಿಸಿ, ಪ್ರತಿಯೊಂದು ತುಂಡಿಗೂ ಈ ಇಬ್ಬರಲ್ಲಿ ಒಬ್ಬರನ್ನೇ ಹಿರಿಯ ಕಾವಲುಗಾರನನ್ನಾಗಿ ಮಾಡಿದರು. ತೊಟ್ಟಿಗಳ ಕಾವಲು ರಾಜ್ಯಕ್ಕೆ ಬಂದಿತು. ಪ್ರತಿ ಕೆಲಸಕ್ಕೂ ಗಡುವು. ಗಡುವು ತಪ್ಪಿದರೆ ದಂಡ. ಕೇಂದ್ರದ ಸಂಸ್ಥೆಗಳಿಗೂ ರಾಜ್ಯಗಳು ದಂಡ ವಿಧಿಸಬಹುದೆಂದು 1992ರಲ್ಲಿ ಅಮೆರಿಕದ ಸಂಸತ್ತು ಸ್ಪಷ್ಟಪಡಿಸಿತು.

ಇಷ್ಟಾದರೂ ಗಡುವುಗಳು ತಪ್ಪಿದವು. ಕಸವನ್ನು ಕರಗಿದ ಗಾಜಿನೊಡನೆ ಬೆರೆಸಿ ಗಟ್ಟಿಮಾಡುವ ಕಾರ್ಯ, ಮೊದಲ ಕರಾರಿನ ಪ್ರಕಾರ, 1999ರಲ್ಲಿ ಆರಂಭವಾಗಬೇಕಾಗಿತ್ತು. ಕಾರಖಾನೆಯ ಕಟ್ಟಡಕ್ಕೆ ಕೈಹಾಕಿದ್ದೇ 2002ರಲ್ಲಿ. ಒಪ್ಪಂದದ ತಿದ್ದುಪಡಿಗಳು ನೂರಾರು. ಬೇಸತ್ತ ರಾಜ್ಯ 2008ರಲ್ಲಿ ನ್ಯಾಯಾಲಯದ ಮೆಟ್ಟಲು ಹತ್ತಿತು. 2010ರಲ್ಲಿ ಹೊಸ ಗಡುವುಗಳಿಗೆ ನ್ಯಾಯಾಧೀಶರ ಮುದ್ರೆ ಬಿದ್ದಿತು. ಗಡುವು ಬರೆಯುವವರು ಒಬ್ಬರು, ಹಣ ಮಂಜೂರು ಮಾಡುವ ಸಂಸತ್ತು ಇನ್ನೊಂದು. ತೊಡಕು ಇರುವುದು ಇಲ್ಲಿಯೇ. ಇತ್ತೀಚಿನ ವರ್ಷಗಳಲ್ಲಿ ಈ ಒಂದು ಕ್ಷೇತ್ರಕ್ಕೆ ವರ್ಷಕ್ಕೆ 250 ಕೋಟಿ ಡಾಲರಿಗೂ ಮಿಕ್ಕಿ ವೆಚ್ಚವಾಗುತ್ತಿದೆ.

ಹಾಗೆಂದು ಒಪ್ಪಂದ ಬರಿಯ ಕಾಗದವೆನ್ನುವುದು ಅನ್ಯಾಯ. ನದಿಯಿಂದ ಕೆಲವೇ ನೂರು ಗಜ ದೂರದ ಕೊಳಗಳಲ್ಲಿ ತುಕ್ಕುಹಿಡಿಯುತ್ತಿದ್ದ ಎರಡು ಸಾವಿರ ಟನ್ನಿಗೂ ಹೆಚ್ಚು ಉರಿದ ಇಂಧನವನ್ನು 2004ರೊಳಗೆ ಮೇಲೆತ್ತಿ, ಒಳನಾಡಿನ ಒಣನೆಲೆಗೆ ಸಾಗಿಸಿದರು. ಸಾಲ್ಮನ್ ಮೀನು ಮೊಟ್ಟೆಯಿಡುವ ಮಡುಗಳತ್ತ ಕ್ರೋಮಿಯಂ ಹೊತ್ತು ಸಾಗುತ್ತಿದ್ದ ಅಂತರ್ಜಲವನ್ನು ಈಗ ಮೇಲೆತ್ತಿ ಶೋಧಿಸುತ್ತಾರೆ. ಇಡೀ ಕ್ಷೇತ್ರದಲ್ಲಿ ವರ್ಷಕ್ಕೆ ಸುಮಾರು 200 ಕೋಟಿ ಗ್ಯಾಲನ್ ನೀರು ಹೀಗೆ ಶುದ್ಧವಾಗುತ್ತದೆ. ಆ ಮೀನಿನ ಮೇಲೆ ಯಾಕಮ, ಉಮಟಿಲ, ನೆಜ್ ಪರ್ಸ್ ಜನಾಂಗಗಳಿಗೆ 1855ರ ಕರಾರುಗಳಿಂದ ಬಂದ ಹಕ್ಕಿದೆ. ರುಜು ಹಾಕಿದ ಮೂವರಲ್ಲಿ ಅವರಿಲ್ಲದಿರುವುದು ಒಪ್ಪಂದದ ಕೊರತೆಯೆಂದೇ ಹೇಳಬೇಕು.

ಕಾವಲಿನ ಬೆಲೆ ತಿಳಿದ ದಿನ 2017ರ ಮೇ 9. ಮಲಿನ ಯಂತ್ರಗಳನ್ನು ರೈಲುಬಂಡಿಗಳ ಸಮೇತ ಒಳಗಿಟ್ಟು ಮುಚ್ಚಿದ್ದ ಹಳೆಯ ಸುರಂಗವೊಂದರ ಮಾಡು ಕುಸಿದಿರುವುದು ಅಂದು ಬೆಳಿಗ್ಗೆ ಕಣ್ಣಿಗೆ ಬಿತ್ತು. ಸಾವಿರಾರು ಕೆಲಸಗಾರರಿಗೆ ಬಾಗಿಲು ಮುಚ್ಚಿಕೊಂಡು ಒಳಗಿರುವಂತೆ ಆಜ್ಞೆಯಾಯಿತು. ವಿಕಿರಣ ಹೊರಹೊಮ್ಮಲಿಲ್ಲ. ಮರುದಿನವೇ ರಾಜ್ಯದ ಪರಿಸರ ಇಲಾಖೆ ಇಂಧನ ಇಲಾಖೆಗೆ ಲಿಖಿತ ಆದೇಶ ನೀಡಿತು: ಕುಸಿದದ್ದೇಕೆಂದು ಪರೀಕ್ಷಿಸಿರಿ, ಭದ್ರಪಡಿಸಿರಿ. ವರ್ಷ ಮುಗಿಯುವುದರೊಳಗೆ ಆ ಸುರಂಗದ ತುಂಬ ಸಿಮೆಂಟಿನ ಗಾರೆ ತುಂಬಿತ್ತು. 1949ರಲ್ಲಿ ಅಂಥ ಆದೇಶವನ್ನು ಬರೆಯಬಲ್ಲ ಕೈ ಆ ರಾಜ್ಯದಲ್ಲಿ ಒಂದೂ ಇರಲಿಲ್ಲ.

2021ರಲ್ಲಿ ಬಿ-109 ಎಂಬ ತೊಟ್ಟಿ ದಿನಕ್ಕೆ ಸುಮಾರು ಮೂರೂವರೆ ಗ್ಯಾಲನ್ ಸೋರುತ್ತಿರುವುದು ಪ್ರಕಟವಾಯಿತು. ಅದು ಯುದ್ಧಕಾಲದ ತೊಟ್ಟಿ. ಅದರ ಆರೈಕೆ ಹೇಗೆಂಬುದಕ್ಕೆ 2022ರಲ್ಲಿ ರಾಜ್ಯಕ್ಕೂ ಇಂಧನ ಇಲಾಖೆಗೂ ಪ್ರತ್ಯೇಕ ಒಡಂಬಡಿಕೆಯಾಯಿತು. 2025ರ ಅಕ್ಟೋಬರಿನಲ್ಲಿ ಕೊನೆಗೂ ಗಾಜಿನ ಕುಲುಮೆಗೆ ತೊಟ್ಟಿಯ ಕಸ ಇಳಿಯಿತು. ಸದ್ಯಕ್ಕೆ ಗಾಜಾಗುತ್ತಿರುವುದು ಕಡಿಮೆ ವಿಕಿರಣದ ಪಾಲು. ಅದನ್ನು ಹ್ಯಾನ್‌ಫೋರ್ಡಿನ ನೆಲದಲ್ಲಿಯೇ ಹೂಳುತ್ತಾರೆ. ಉಗ್ರ ವಿಕಿರಣದ ಪಾಲಿಗೆ 2033 ಎಂದು ಗಡುವು ಬಿದ್ದಿದೆ. ಆ ಗಾಜನ್ನು ಶಾಶ್ವತವಾಗಿ ಎಲ್ಲಿಡಬೇಕೆಂಬುದು ಮಾತ್ರ ಇನ್ನೂ ನಿಶ್ಚಯವಾಗಿಲ್ಲ.