ಲೆಡ್ಜರಿನ ಊರುಗಳಿಗೆ ಒಬ್ಬನೇ ಹೋದೆ

ಕಳೆದ ವರ್ಷ ನನ್ನ ಮೊಮ್ಮಗಳು ಕೊರಿಯಾದ ಕಡಲ ನಗರ ಬೂಸಾನಿಗೆ ಒಬ್ಬಳೇ ಹೋಗಿದ್ದಳು. ಅಲ್ಲಿಂದ ಫೋಟೋ ಕಳಿಸಿದಾಗ, “ಭಾಷೆ ಬರದ ಊರಲ್ಲಿ ಹೆದರಿಕೆ ಆಗಲಿಲ್ವೇನೇ?” ಎಂದೆ. “ಅಜ್ಜ, ನೀವು ಒಬ್ಬರೇ ಊರು ಸುತ್ತಿ ಎಷ್ಟು ವರ್ಷ ಆಯ್ತು?” ಎಂದು ತಿರುಗಿ ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಎಂಬತ್ತರ ದಶಕದಲ್ಲಿ ಮೂರು ವರ್ಷ ನಾನು ಹೊನ್ನಾವರದಲ್ಲಿ ಬ್ಯಾಂಕ್ ಗುಮಾಸ್ತ. ಕಾಸರಕೋಡು, ಮಂಕಿ, ಹಳದೀಪುರ, ಕರ್ಕಿ ಎಂದು ಲೆಡ್ಜರಿನಲ್ಲಿ ಎಷ್ಟೋ ಸಲ ಬರೆದಿದ್ದೆ. ಒಂದು ಊರಿಗೂ ಹೋಗಿರಲಿಲ್ಲ. ಶನಿವಾರ ಮಧ್ಯಾಹ್ನವಾದರೆ ಬಸ್ಸು ಹಿಡಿದು ಉಡುಪಿಯ ಮನೆಗೆ ಓಡುತ್ತಿದ್ದೆ.

ಎಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಹೊರಟೆ. ಮಗನಿಗೆ ಸುತರಾಂ ಇಷ್ಟವಿರಲಿಲ್ಲ. ದಿನಕ್ಕೆ ಮೂರು ಸಲ ಫೋನ್ ಮಾಡುವ ಕರಾರಿನ ಮೇಲೆ ಒಪ್ಪಿದ.

ಮೊದಲು ಭಟ್ಕಳದಲ್ಲಿ ಇಳಿದೆ. ವಿಜಯನಗರದ ಕಾಲದಲ್ಲಿ ಕುದುರೆಗಳು ಹಡಗಿನಲ್ಲಿ ಬಂದಿಳಿಯುತ್ತಿದ್ದ ಬಂದರು ಇದು. ಹದಿನಾರನೇ ಶತಮಾನದ ಕೇತಪೈ ನಾರಾಯಣ ದೇವಸ್ಥಾನದ ಹೊರಗೋಡೆಯಲ್ಲಿ ರಾಮಾಯಣವನ್ನೇ ಕೆತ್ತಿದ್ದಾರೆ. ಅವಸರ ಮಾಡುವವರು ಜೊತೆಗಿಲ್ಲದ್ದರಿಂದ ಒಂದೊಂದೇ ಶಿಲ್ಪ ನೋಡುತ್ತ ಒಂದು ತಾಸು ಕಳೆದೆ. ಪೇಟೆಯಲ್ಲಿ ನವಾಯತಿ ಮಾತು ಕಿವಿಗೆ ಬಿತ್ತು, ಭಟ್ಕಳ ಮಲ್ಲಿಗೆಯ ಪರಿಮಳ ಮೂಗಿಗೆ.

ಅಲ್ಲಿಂದ ಮತ್ತೆ ರೈಲು. ಹೊನ್ನಾವರದ ಹತ್ತಿರ ಶರಾವತಿ ಸೇತುವೆ ಬಂತು. ಉದ್ದ ಎರಡು ಕಿಲೋಮೀಟರಿಗೂ ಹೆಚ್ಚು. ಕೊಂಕಣ ರೈಲು ಮಾರ್ಗದಲ್ಲೇ ಇದು ಅತಿ ಉದ್ದದ್ದು. ನಾನಿದ್ದಾಗ ಈ ಕಡೆ ರೈಲೇ ಇರಲಿಲ್ಲ. ಈ ಮಾರ್ಗ ಪೂರ್ತಿಯಾಗಿ ತೆರೆದದ್ದು 1998ರಲ್ಲಿ.

ಸಂಜೆ ಕಾಸರಕೋಡಿಗೆ ಹೋದೆ. 2020ರಲ್ಲಿ ಇಲ್ಲಿನ ಕಡಲತೀರಕ್ಕೆ ಬ್ಲೂ ಫ್ಲ್ಯಾಗ್ ಮನ್ನಣೆ ಸಿಕ್ಕಿದೆ. ಆದರೆ ನನಗೆ ಈ ಊರು ಎಂದರೆ ಮೀನಿನ ವಾಸನೆಯ ಒದ್ದೆ ನೋಟುಗಳ ನೆನಪು. ಅವನ್ನು ಒಣಗಿಸಿ ಎಣಿಸುತ್ತಿದ್ದೆವು. ಬಲೆ ಸರಿಮಾಡುತ್ತಿದ್ದ ಒಬ್ಬರಿಗೆ ಇದನ್ನು ಹೇಳಿದೆ. “ನಮ್ಮಪ್ಪನ ಖಾತೆನೂ ಅಲ್ಲೇ ಇತ್ತು” ಎಂದು ನಕ್ಕು, ಚಹಾ ತರಿಸಿದರು.

ಮರುದಿನ ಕುಮಟಾ. ಹೆದ್ದಾರಿ ಬದಿಯಲ್ಲಿ ಸಿಹಿ ಈರುಳ್ಳಿಯ ಗೊಂಚಲುಗಳನ್ನು ನೇತುಹಾಕಿದ್ದರು. ಹತ್ತು ಹನ್ನೊಂದು ಕಿಲೋಮೀಟರ್ ಆಚೆ ಮಿರ್ಜಾನ್ ಕೋಟೆ. ಪೋರ್ಚುಗೀಸರು ‘ಕರಿಮೆಣಸಿನ ರಾಣಿ’ ಎಂದು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರು ಈ ಕೋಟೆಯೊಂದಿಗೆ ಸೇರಿಕೊಂಡಿದೆ. ಏಪ್ರಿಲ್ ತಿಂಗಳ ನಡುಹಗಲು. ಮೇಲೆ ಹತ್ತುವಾಗ ತಲೆ ತಿರುಗಿತು. ಬಾಟಲಿಯಲ್ಲಿ ನೀರು ಮುಗಿದಿತ್ತು. ಕೆಂಪುಕಲ್ಲಿನ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಮಗನ ಮಾತೇ ನಿಜವಾಯಿತಲ್ಲ ಎಂದು ನಿಜಕ್ಕೂ ಹೆದರಿದೆ.

“ಅಜ್ಜಾ, ಒಬ್ರೇ ಬಂದ್ರಾ?” ಕೋಟೆ ನೋಡಲು ಬಂದಿದ್ದ ಹುಡುಗನೊಬ್ಬ ಕೇಳಿದ. ನೀರು ಕೊಟ್ಟ. ಅವನ ತಾಯಿ ನೆರಳಿಗೆ ಕೂರಿಸಿ, ಅರ್ಧ ತಾಸಿನ ಮೇಲೆ ತಮ್ಮ ರಿಕ್ಷಾದಲ್ಲೇ ಕುಮಟಾಕ್ಕೆ ಬಿಟ್ಟರು. ದುಡ್ಡು ಮುಟ್ಟಲಿಲ್ಲ.

ಮಧ್ಯಾಹ್ನದ ಫೋನಿನಲ್ಲಿ ಮಗನಿಗೆ “ಎಲ್ಲಾ ಚೆನ್ನಾಗಿದೆ” ಎಂದೆ. ರಾತ್ರಿ ಮನಸ್ಸು ತಡೆಯಲಿಲ್ಲ. ಮೂವತ್ತೈದು ವರ್ಷ ಲೆಕ್ಕ ಬರೆದವನು ಸುಳ್ಳು ಲೆಕ್ಕ ಕೊಡಬಾರದು. ನಡೆದದ್ದೆಲ್ಲ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಬೈಗುಳಕ್ಕೆ ಸಿದ್ಧನಾದೆ.

“ಮುಂದಿನ ಸಲ ಛತ್ರಿ ತಗೊಂಡು ಹೋಗಿ ಅಪ್ಪ” ಎಂದ.

ನನ್ನ ವಯಸ್ಸಿನವರಿಗೆ ಎರಡು ಮಾತು: ಮಧ್ಯಾಹ್ನ ಬಿಸಿಲಲ್ಲಿ ತಿರುಗಬೇಡಿ, ಮಾತ್ರೆಯ ಚೀಟಿ, ಮನೆಯವರ ಫೋನ್ ನಂಬರು ಅಂಗಿಯ ಜೇಬಿನಲ್ಲಿರಲಿ. ಮಕ್ಕಳಿಗೆ ಒಂದೇ ಮಾತು: ಒಬ್ಬರೇ ಕುಳಿತ ಅಜ್ಜ, ಅಜ್ಜಿ ಕಂಡರೆ ಆ ಹುಡುಗನಂತೆ ಒಮ್ಮೆ ಮಾತಾಡಿಸಿ.