ರಾಣಿಯ ಸಖಿಯರು ತಡೆದ ಸರ್ಕಾರ

2009ರ ‘ದಿ ಯಂಗ್ ವಿಕ್ಟೋರಿಯಾ’ ಸಿನಿಮಾವನ್ನು ಎಂಜಿನಿಯರಿಂಗ್ ಓದುವಾಗ ಹಾಸ್ಟೆಲ್‌ನಲ್ಲಿ ಕೂತು ನೋಡಿದ್ದೆ. ಎಮಿಲಿ ಬ್ಲಂಟ್ ನಟನೆ, ಆಸ್ಕರ್ ಗೆದ್ದ ಆ ಉಡುಪುಗಳು, ಆಲ್ಬರ್ಟ್ ಜೊತೆಗಿನ ಪ್ರೇಮ, ಇಷ್ಟೇ ನೆನಪಲ್ಲಿತ್ತು. ಮೊನ್ನೆ ಮತ್ತೆ ನೋಡಿದೆ. ಈ ಸಲ ತಲೆಯಲ್ಲಿ ಕೂತದ್ದು ಪ್ರೇಮಕಥೆಯಲ್ಲ, ಅಂತಃಪುರದ ಸಖಿಯರ ಜಗಳ.

ಏನಿದು ಜಗಳ? 1837ರಲ್ಲಿ, 18ನೇ ವಯಸ್ಸಿಗೆ ಪಟ್ಟಕ್ಕೆ ಬಂದ ವಿಕ್ಟೋರಿಯಾಗೆ ರಾಜಕೀಯ ಕಲಿಸಿದ್ದು ವಿಗ್ ಪಕ್ಷದ ಪ್ರಧಾನಿ ಮೆಲ್ಬರ್ನ್. 1839ರ ಮೇ ತಿಂಗಳಲ್ಲಿ ಜಮೈಕಾ ಕುರಿತ ಮಸೂದೆಯೊಂದು ಕಾಮನ್ಸ್ ಸಭೆಯಲ್ಲಿ ಬರೀ 5 ಮತಗಳ ಅಂತರದಲ್ಲಿ ಗೆದ್ದಿತು. ಇಷ್ಟು ಬಲ ಇಟ್ಟುಕೊಂಡು ಆಡಳಿತ ನಡೆಸೋಕಾಗಲ್ಲ ಅಂತ ಮೆಲ್ಬರ್ನ್ ರಾಜೀನಾಮೆ ಕೊಟ್ಟರು. ಟೋರಿ ನಾಯಕ ರಾಬರ್ಟ್ ಪೀಲ್‌ಗೆ ಕರೆ ಹೋಯಿತು. ಅವರ ಬಳಿಯೂ ಬಹುಮತ ಇರಲಿಲ್ಲ. ಹಾಗಾಗಿ ರಾಣಿಯ ವಿಶ್ವಾಸ ತಮ್ಮ ಮೇಲಿದೆ ಅಂತ ಎಲ್ಲರಿಗೂ ಕಾಣಬೇಕಿತ್ತು. ನಿಮ್ಮ ಸಖಿಯರಲ್ಲಿ ಕೆಲವರನ್ನಾದರೂ ಬದಲಿಸಿ ಎಂದರು. ಕಾರಣ, ರಾಣಿಯ ಸುತ್ತ ಇದ್ದವರು ವಿಗ್ ನಾಯಕರ ಹೆಂಡತಿಯರು, ಬಂಧುಗಳು. ರಾಣಿ ಒಬ್ಬರನ್ನೂ ಬಿಡೆನೆಂದಳು. ಪೀಲ್ ಹಿಂದೆ ಸರಿದರು. ಮೆಲ್ಬರ್ನ್ ವಾಪಸ್ ಬಂದು ಇನ್ನೂ 2 ವರ್ಷ ಆಳಿದರು.

ಇಲ್ಲೇ ಸಿನಿಮಾ ನಮ್ಮನ್ನು ಸ್ವಲ್ಪ ಯಾಮಾರಿಸುತ್ತೆ. ಮೆಲ್ಬರ್ನ್ ಪಾತ್ರ ಮಾಡಿದ ಪಾಲ್ ಬೆಟನಿಗೆ ಆಗಿನ್ನೂ 40 ಆಗಿರಲಿಲ್ಲ. ವಿಕ್ಟೋರಿಯಾ ರಾಣಿಯಾದಾಗ ನಿಜವಾದ ಮೆಲ್ಬರ್ನ್‌ಗೆ 58. ಪ್ರಧಾನಿಯನ್ನು ಆಲ್ಬರ್ಟ್‌ನ ಎದುರಾಳಿಯ ಥರ ತೋರಿಸಿದಾಗ ಅಧಿಕಾರದ ಪ್ರಶ್ನೆ ಮನಸ್ಸಿನ ಪ್ರಶ್ನೆಯಾಗಿಬಿಡುತ್ತೆ. 1840ರ ಕೊಲೆ ಯತ್ನದಲ್ಲಿ ಆಲ್ಬರ್ಟ್‌ಗೆ ಗುಂಡು ತಗಲುವುದೂ ಕಲ್ಪನೆಯೇ. ಅಂದು ಇಬ್ಬರಿಗೂ ಏನೂ ಆಗಿರಲಿಲ್ಲ. ಆದರೆ ನನಗೆ ಮೊದಲನೆಯದೇ ದೊಡ್ಡ ತಪ್ಪು.

ಬಾಲ್ಯವಿಡೀ ಅಮ್ಮನ ಕಾವಲಲ್ಲಿ ಬೆಳೆದ 19ರ ಹುಡುಗಿ ಪುರುಷರ ರಾಜಕೀಯಕ್ಕೆ ‘ಆಗಲ್ಲ’ ಅಂದಾಗ ನನಗೂ ಖುಷಿಯಾಯ್ತು. ಆಮೇಲೆ ಯೋಚಿಸಿದೆ: ಆ ‘ಆಗಲ್ಲ’ದಿಂದ ತಪ್ಪಿದ್ದು ಒಂದು ಸರ್ಕಾರ. ಹೇಳಿದವಳನ್ನು ಯಾರೂ ಆರಿಸಿರಲಿಲ್ಲ. ಕೊನೆಗೆ 1841ರ ಚುನಾವಣೆಯಲ್ಲಿ ಟೋರಿಗಳು ಬಹುಮತ ಗೆದ್ದರು. ಪೀಲ್ ಪ್ರಧಾನಿಯಾದರು, ಮೂವರು ಸಖಿಯರು ಜಾಗ ಬಿಟ್ಟರು. ರಾಣಿಯ ಇಷ್ಟಾನಿಷ್ಟಕ್ಕಿಂತ ಸದನದ ಲೆಕ್ಕ ದೊಡ್ಡದಾಯಿತು.

ಬ್ರಿಟನ್ನಿನ ಈ ಸಂಸದೀಯ ಪದ್ಧತಿಯನ್ನೇ ನಾವೂ ತಂದುಕೊಂಡಿದ್ದೇವೆ, ಅದರ ತೊಡಕಿನ ಸಮೇತ. 1989ರಲ್ಲಿ ಕರ್ನಾಟಕದಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರಕ್ಕೆ ಬಹುಮತವಿಲ್ಲ ಅಂತ ರಾಜ್ಯಪಾಲರೇ ತೀರ್ಮಾನಿಸಿ ವರದಿ ಕಳಿಸಿದರು, ಸರ್ಕಾರ ವಜಾ ಆಯಿತು. ಬಹುಮತ ಸಾಬೀತಾಗಬೇಕಾದ್ದು ಸದನದಲ್ಲೇ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 1994ರಲ್ಲಿ. ಮುಂದಿನ ಸಲ ರಾಜಭವನದ ಮುಂದೆ ಕಾರುಗಳು ಸಾಲುಗಟ್ಟಿದ್ದನ್ನು ಟೀವಿಯಲ್ಲಿ ನೋಡುವಾಗ ಈ ಸಖಿಯರನ್ನು ನೆನಪಿಸಿಕೊಳ್ಳಿ.