ಒಂದು ಹೊಲ, ಮೂರು ಕಛೇರಿ

ದೊಡ್ಡಬಳ್ಳಾಪುರದ ಕಡೆಯ ರೈತನೊಬ್ಬನು ತನ್ನ ನಾಲ್ಕು ಎಕರೆ ಹೊಲದಲ್ಲಿ ಒಂದು ಎಕರೆಯನ್ನು ಮಾರಲು ನಿಶ್ಚಯಿಸಿದನೆಂದರೆ, ಆ ನೆಲವು ಸರ್ವೆ ಇಲಾಖೆಗೆ ಗಡಿಕಲ್ಲುಗಳ ನಡುವಣ ಒಂದು ಆಕೃತಿಯಾಗಿಯೂ, ನೋಂದಣಿ ಇಲಾಖೆಗೆ ಮುದ್ರಾಂಕ ಶುಲ್ಕ ತೆರಬೇಕಾದ ಕ್ರಯಪತ್ರವಾಗಿಯೂ, ಕಂದಾಯ ಇಲಾಖೆಗೆ ಹೊಲದ ಹಕ್ಕು, ಸಾಗುವಳಿಗಳ ದಾಖಲೆಯಾದ ಪಹಣಿಯ 9ನೆಯ ಕಲಮಿನಲ್ಲಿ ಬರೆದ ಹೆಸರಾಗಿಯೂ ತೋರುತ್ತದೆ. ಈ ಮೂರೂ ಒಂದೇ ಹೊಲವೆಂದು ಬಲ್ಲವನು ಬಹುಕಾಲದವರೆಗೆ ಕಛೇರಿಯಿಂದ ಕಛೇರಿಗೆ ಅಲೆಯುವ ಆ ರೈತನೊಬ್ಬನೇ ಆಗಿದ್ದನು.

ಸಂಸ್ಥೆಯೊಂದರ ಕಾರ್ಯ, ಮಾಹಿತಿ, ಜನ, ಯಂತ್ರ ಇವು ಪರಸ್ಪರ ಹೆಣೆದುಕೊಂಡಿರುವ ಪರಿಯನ್ನು ಸಮಗ್ರವಾಗಿ ನಿರೂಪಿಸುವ ವಿದ್ಯೆಗೆ ಎಂಟರ್‌ಪ್ರೈಸ್ ಆರ್ಕಿಟೆಕ್ಚರ್ ಎನ್ನುತ್ತಾರೆ. ಐಬಿಎಂ ಸಂಸ್ಥೆಯ ಜಾನ್ ಝಾಕ್‌ಮನ್ 1987ರಲ್ಲಿ ಇದಕ್ಕೊಂದು ಚೌಕಟ್ಟನ್ನು ಸೂಚಿಸಿದರು. ಕಟ್ಟಡವೊಂದನ್ನು ಒಡೆಯನೂ, ನಕ್ಷೆ ಬರೆಯುವವನೂ, ಕಟ್ಟುವ ಮೇಸ್ತ್ರಿಯೂ ಬೇರೆ ಬೇರೆಯಾಗಿ ಕಾಣುವಂತೆ, ಸಂಸ್ಥೆಗೂ ಹಲವು ದರ್ಶನಗಳುಂಟೆಂಬುದು ಅವರ ಮತ. ಏನು, ಹೇಗೆ, ಎಲ್ಲಿ ಎಂಬ ಮೂರು ಪ್ರಶ್ನೆಗಳಿಂದ ಹೊರಟ ಆ ಚೌಕಟ್ಟಿಗೆ ಯಾರು, ಯಾವಾಗ, ಏಕೆ ಎಂಬ ಇನ್ನು ಮೂರು ಸೇರಿದುದು 1992ರಲ್ಲಿ. ಕಷ್ಟವಾದ ಪ್ರಶ್ನೆಗಳು ಕಡೆಗೆ ಬಂದುದರಲ್ಲಿ ಅಚ್ಚರಿಯೇನಿಲ್ಲ.

ಕರ್ನಾಟಕದ ಪಹಣಿಗಳನ್ನು ಗಣಕೀಕರಿಸಿದ ನಮ್ಮ ‘ಭೂಮಿ’ ಯೋಜನೆಯ ಕಥೆಯೂ ಹೀಗೆಯೇ. ಸುಮಾರು 9000 ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿ ಚದುರಿದ್ದ 2 ಕೋಟಿಯಷ್ಟು ಪಹಣಿಗಳು, 2000ದ ಆಸುಪಾಸಿನಲ್ಲಿ, ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ ಗಣಕಯಂತ್ರವನ್ನೇರಿದುವು. ಹದಿನೈದು ರೂಪಾಯಿ ತೆತ್ತವನಿಗೆ ತಾಲ್ಲೂಕು ಕಛೇರಿಯಲ್ಲಿ ಅಚ್ಚಾದ ಪ್ರತಿ ದೊರೆಯುವಂತಾಯಿತು. ಬಳಿಕ ನೋಂದಣಿಗೆ ‘ಕಾವೇರಿ’ ಬಂದಿತು, ಸರ್ವೆಗೆ ‘ಮೋಜಿಣಿ’ ಬಂದಿತು. ಸಂಸ್ಥೆಯೊಳಗಿನ ಮಾತುಕತೆ ಹೇಗೋ ಅದು ರಚಿಸುವ ವ್ಯವಸ್ಥೆಯೂ ಹಾಗೆಯೇ ಎಂದು 1968ರಲ್ಲಿ ಗಣಕವಿಜ್ಞಾನಿ ಮೆಲ್ವಿನ್ ಕಾನ್ವೇ ಬರೆದುದು ಇಲ್ಲಿ ಅಕ್ಷರಶಃ ಸತ್ಯವಾಯಿತು: ಇಲಾಖೆಗಳು ಮೂರಾದುದರಿಂದ ತಂತ್ರಾಂಶಗಳೂ ಮೂರಾದುವು.

ಅವನ್ನು ಬೆಸೆದುದೇ, ನನ್ನ ಎಣಿಕೆಯಲ್ಲಿ, ಮೊದಲ ಗಣಕೀಕರಣಕ್ಕಿಂತ ದೊಡ್ಡ ಕಾರ್ಯ. ಹೊಲದ ಭಾಗವೊಂದನ್ನು ಮಾರುವವನು ಈಗ ಮೊದಲು ಅಳತೆ ಮಾಡಿಸಿ, ಮಾರುವ ಭಾಗವನ್ನು ಗುರುತಿಸುವ 11ಇ ನಕ್ಷೆಯನ್ನು ಪಡೆಯಬೇಕು, ಆಮೇಲೆಯೇ ನೋಂದಣಿ, ನೋಂದಣಿಯಾದ ಸುದ್ದಿ ಕಾವೇರಿಯಿಂದ ಭೂಮಿಗೆ ತಾನಾಗಿ ತಲಪಿ, ಖಾತೆ ಬದಲಾವಣೆಯ ಕ್ರಮವನ್ನು ಆರಂಭಿಸುತ್ತದೆ. ವಿಮಾನ ನಿಲ್ದಾಣ ಬಂದ ಮೇಲೆ ದೇವನಹಳ್ಳಿಯ ಸುತ್ತ ಗುಂಟೆಯ ಲೆಕ್ಕದಲ್ಲಿ ಕೈಬದಲಾಗುವ ನೆಲಕ್ಕೆ ಈ ಅನುಕ್ರಮವು ಎಷ್ಟು ಅವಶ್ಯಕವೆಂಬುದನ್ನು ಅಲ್ಲಿಯವರಿಗೆ ಬಿಡಿಸಿ ಹೇಳಬೇಕಾದುದಿಲ್ಲ.

ಆದರೆ ಝಾಕ್‌ಮನ್ ಚೌಕಟ್ಟಿನ ‘ಏಕೆ’ ಎಂಬ ಅಂಕಣವನ್ನು, ಎಂದರೆ ಪಹಣಿಯಲ್ಲಿ ಆ ಹೆಸರೇ ಏಕಿರಬೇಕೆಂಬುದನ್ನು, ತಂತ್ರಜ್ಞನು ತುಂಬಲಾರ. 1964ರ ಭೂಕಂದಾಯ ಕಾಯಿದೆಯ ಪ್ರಕಾರ ಪಹಣಿಯ ನಮೂದು, ವಿರುದ್ಧವಾದುದು ಸಿದ್ಧವಾಗುವ ತನಕ ಸತ್ಯವೆಂದು ಭಾವಿಸತಕ್ಕ ಸಂಗತಿಯೇ ಹೊರತು ಒಡೆತನದ ಖಾತರಿಯಲ್ಲ. ಆದುದರಿಂದ, ಮೂರು ತಂತ್ರಾಂಶಗಳೂ ಒಂದೇ ಹೆಸರನ್ನು ನುಡಿದರೂ, ಭಾಗ ಕೇಳಿ ಬಂದ ದಾಯಾದಿಯ ದಾವೆಯನ್ನು ಇಂದಿಗೂ ಸಿವಿಲ್ ನ್ಯಾಯಾಲಯವೇ ತೀರ್ಮಾನಿಸಬೇಕು.